ಪಟ್ಟಿಯಲ್ಲಿಲ್ಲದ ಎರಡು ಹಬ್ಬ

ನನ್ನ ಮಗಳಿಗೆ ಹತ್ತು ವರ್ಷ ತುಂಬುವುದನ್ನು ಎರಡು ಮನೆಗಳು ಕಾಯುತ್ತಿದ್ದವು. ಒಂದು ಯಲಹಂಕ ಓಲ್ಡ್ ಟೌನಿನ ಮೊದಲ ಮಹಡಿಯಲ್ಲಿರುವ ನನ್ನ ಬಾಡಿಗೆ ಮನೆ. ಇನ್ನೊಂದು ಬ್ಯಾಟರಾಯನಪುರದಲ್ಲಿರುವ ಅವಳ ಅಪ್ಪನ ಸ್ವಂತ ಮನೆ. ಮೂರು ಅಂತಸ್ತು, ಕೆಳಗೆ ಎರಡು ಅಂಗಡಿ, ಹಿಂದೆ ಒಂದು ಹಸು ಕಟ್ಟುವಷ್ಟು ಜಾಗ. ಕಾಯುತ್ತಿದ್ದದ್ದು ಕೇಕಿಗೆ ಅಂದುಕೊಳ್ಳಬೇಡಿ. ನಾವಿಬ್ಬರೂ ಬೇರೆಯಾದಾಗ ಫ್ಯಾಮಿಲಿ ಕೋರ್ಟಿನಲ್ಲಿ ಒಪ್ಪಿ ಸಹಿ ಹಾಕಿದ ಕಾಗದದಲ್ಲಿ ಹೀಗೆ ಬರೆದಿತ್ತು: ಹತ್ತು ತುಂಬುವವರೆಗೆ ಮಗು ತಾಯಿಯ ಬಳಿ ಇರತಕ್ಕದ್ದು, ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂದೆಯ ಬಳಿ, ಹಬ್ಬಗಳು ಕೆಳಗಿನ ಪಟ್ಟಿಯಂತೆ, ಹತ್ತು ತುಂಬಿದ ಮೇಲೆ ನ್ಯಾಯಾಧೀಶರು ಮಗುವನ್ನೇ ಮಾತನಾಡಿಸಿ, ಯಾರ ಜೊತೆ ಇರಲು ಇಷ್ಟ ಎಂದು ತಿಳಿದು, ಮುಂದಿನ ವ್ಯವಸ್ಥೆ ಮಾಡತಕ್ಕದ್ದು.

ಸಹಿ ಹಾಕಿದಾಗ ಅವಳಿಗೆ ಆರು ವರ್ಷ. ಹತ್ತು ಅನ್ನುವುದು ಆಗ ಬಹಳ ದೂರದ ಊರಿನಂತೆ ಕಂಡಿತ್ತು. ಒಂಬತ್ತು ಆಗುತ್ತಿದ್ದಂತೆ ಎರಡೂ ಮನೆಗಳಲ್ಲಿ ಪ್ರಚಾರ ಶುರುವಾಯಿತು. ಬ್ಯಾಟರಾಯನಪುರ ವಿಧಾನಸಭಾ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಮತದಾರರಿದ್ದಾರಂತೆ. ನಮ್ಮ ಚುನಾವಣೆಗೆ ಒಬ್ಬಳೇ. ಅವಳ ಅಪ್ಪ ಗೇರ್ ಇರುವ ಸೈಕಲ್ ಕೊಡಿಸಿದರು. ನಾನು ಚಿತ್ರಕಲೆ ಕ್ಲಾಸಿಗೆ ಸೇರಿಸಿದೆ. ಬ್ಯಾಟರಾಯನಪುರದ ಹಸು ಗಬ್ಬವಾಗಿದೆ, ಕರು ಹಾಕಿದರೆ ಅದಕ್ಕೆ ನೀನೇ ಹೆಸರಿಡಬೇಕು ಎಂದು ಅಜ್ಜಿಯ ಕಡೆಯಿಂದ ಘೋಷಣೆಯಾಯಿತು. ಕರುವಿಗೆ ಎದುರಾಗಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಏನು ತರುವುದು? ಎರಡು ಮೀನು ತಂದೆ. ಒಂದು ಸತ್ತಿತು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಬಾಗಲಕೋಟೆ ಕಡೆಯವಳು. ಯಲಹಂಕದ ಆಚೆ ಒಂದು ಎಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ವಿಭಾಗದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ, ನಿಯಮ ಅಂದರೆ ನಿಯಮ. ಒಂಬತ್ತೂವರೆಗೆ ಗೇಟು ಮುಚ್ಚುತ್ತದೆ ಅಂದರೆ ಮುಚ್ಚುತ್ತದೆ. ಬೈಕಿನಿಂದ ಬಿದ್ದು ಮೊಣಕಾಲು ಕೆರೆದುಕೊಂಡು ಬಂದವನೂ ಅರ್ಜಿ ಬರೆದುಕೊಟ್ಟೇ ಒಳಗೆ ಹೋಗಬೇಕು. ಆ ಕಾಯಿಲೆಯನ್ನು ನಾನು ಮನೆಗೂ ತಂದಿದ್ದೆ. ಭಾನುವಾರ ಸಂಜೆ ಮಗಳನ್ನು ಬಿಡುವ ಜಾಗ ನಮ್ಮ ಬೀದಿ ಕೊನೆಯ ಬೇಕರಿ. ನಾಲ್ಕು ಐವತ್ತೈದಕ್ಕೇ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಹೆಬ್ಬಾಳದ ಕಡೆಯಿಂದ ಟ್ರಾಫಿಕ್ ಇತ್ತು ಎಂದು ಐದೂ ಹತ್ತಕ್ಕೆ ಬಂದರೆ ನಾನು ಏನೂ ಅನ್ನುತ್ತಿರಲಿಲ್ಲ, ಗಡಿಯಾರ ಮಾತ್ರ ನೋಡುತ್ತಿದ್ದೆ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳ ಅಪ್ಪ ಕೆಟ್ಟವರಲ್ಲ. ಹಳೇ ಊರಿನ ಒಕ್ಕಲು ಮನೆತನ, ರಾಗಿ ಹೊಲಗಳೆಲ್ಲ ಬಡಾವಣೆಯಾದ ಮೇಲೆ ಬಾಡಿಗೆ ಮನೆ ಕಟ್ಟಿಸಿಕೊಂಡವರು. ಎಲ್ಲರಿಗೂ ‘ಹೂಂ’ ಅನ್ನುವುದೊಂದೇ ಅವರ ದೋಷ. ಅಣ್ಣನಿಗೂ ಹೂಂ, ಮೇಸ್ತ್ರಿಗೂ ಹೂಂ, ನನಗೂ ಹೂಂ. ಮೂವರೂ ಒಂದೇ ದಿನಕ್ಕೆ ಮೂರು ಬೇರೆ ಕೆಲಸ ಹೇಳಿದ್ದರೂ ಹೂಂ. ನಾನೋ ಎಲ್ಲದಕ್ಕೂ ‘ಯಾಕ?’ ಅನ್ನುವವಳು. ಎಂಟು ವರ್ಷ ಒಂದೇ ಸೂರಿನಡಿ ಹೂಂ ಮತ್ತು ಯಾಕ ಜಗ್ಗಾಡಿ, ಕೊನೆಗೆ ಎರಡಕ್ಕೂ ಸುಸ್ತಾಯಿತು. ಬೇರೆಯಾದ ದಿನದಿಂದ ಅವರು ನನ್ನನ್ನು ‘ನೀವು’ ಎಂದು ಕರೆಯತೊಡಗಿದರು. ಮದುವೆಯಲ್ಲಿ ಸಿಗದ ಮರ್ಯಾದೆ ವಿಚ್ಛೇದನದಲ್ಲಿ ಸಿಕ್ಕಿತು.

ಶಾಲೆಯ ಫೀಸು, ವ್ಯಾನು, ಬಟ್ಟೆ ಎಲ್ಲವನ್ನೂ ಅವರು ಕೇಳುವ ಮುಂಚೆಯೇ ಕಟ್ಟುತ್ತಿದ್ದರು. ಅದರ ಬಗ್ಗೆ ನಮ್ಮಲ್ಲಿ ಒಂದು ಮಾತೂ ಬಂದದ್ದಿಲ್ಲ. ನಮಗೆ ಜಗಳವಾಡಲು ದುಡ್ಡು ಬೇಕಿರಲಿಲ್ಲ, ಹಬ್ಬಗಳೇ ಸಾಕಾಗಿದ್ದವು.

ಹಬ್ಬದ ಪಟ್ಟಿ ತಯಾರಾದದ್ದು ಒಂದು ಮಧ್ಯಾಹ್ನ, ಇಬ್ಬರು ವಕೀಲರು ಹಸಿದು ಕೂತಿದ್ದಾಗ. ಸಂಕ್ರಾಂತಿ ತಾಯಿ, ಯುಗಾದಿ ತಂದೆ, ಗೌರಿ ಗಣೇಶ ತಂದೆ, ದೀಪಾವಳಿ ತಾಯಿ, ದಸರೆ ರಜೆ ಅರ್ಧರ್ಧ. ಓದಿ ಹೇಳಿದರು. ನಾನು ತಲೆ ಆಡಿಸಿದೆ, ಅವರು ಹೂಂ ಅಂದರು. ಪಂಚಮಿಯ ಹೆಸರು ಬರಲಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರೆಲ್ಲ ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಶೇಂಗಾ, ಎಳ್ಳು, ರವೆ, ಪುಟಾಣಿ ಎಂದು ಬಗೆಬಗೆಯ ಉಂಡಿ ಕಟ್ಟುತ್ತಾರೆ. ಪಂಚಮಿಗೆ ಹೆಣ್ಣುಮಗಳು ತಾಯಿಯ ಹತ್ತಿರ ಇರುತ್ತಾಳೆ ಅನ್ನುವುದನ್ನು ಯಾರಾದರೂ ಬರೆದಿಡುತ್ತಾರೆಯೇ? ಬೆಂಗಳೂರಿನಲ್ಲಿ ಅದು ಹುತ್ತಕ್ಕೆ ಹಾಲೆರೆದು ಆಫೀಸಿಗೆ ಹೋಗುವ ದಿನ ಎಂದು ಸಹಿ ಹಾಕುವಾಗ ನೆನಪಾಗಲಿಲ್ಲ.

ಅವರೂ ಅಂಥದೇ ತಪ್ಪು ಮಾಡಿದ್ದರು. ಆ ಕಡೆಯ ಮನೆಗಳಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಯುಗಾದಿಗೆ ಒಬ್ಬಟ್ಟು, ಮರುದಿನ ಬಾಡೂಟ. ಅಣ್ಣತಮ್ಮಂದಿರ ಸಂಸಾರವೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು. ಆ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ಅವರ ನಂಬಿಕೆ. ಮನೆಯ ಮಗು ಆ ದಿನ ಮನೆಯಲ್ಲಿದ್ದರೆ ವರ್ಷವಿಡೀ ಮನೆಯಲ್ಲಿದ್ದಂತೆ. ಆ ದಿನ ಬೈದರೆ ವರ್ಷವಿಡೀ ಬೈದಾಟ, ಹಾಗಾಗಿ ಯಾರೂ ಯಾರನ್ನೂ ಬೈಯುವುದಿಲ್ಲ. ಯುಗಾದಿ ಎಂದು ಬರೆಸಿದರೆ ಹೊಸತೊಡಕು ಅದರ ಬಾಲ ಹಿಡಿದು ಬರುತ್ತದೆ ಎಂದುಕೊಂಡು ಅವರು ಸಹಿ ಹಾಕಿದ್ದರು.

ಮೊದಲ ಮೂರು ವರ್ಷ ಏನೂ ತೊಂದರೆಯಾಗಲಿಲ್ಲ. ಪಂಚಮಿ ವಾರದ ನಡುವೆ ಬರುತ್ತಿತ್ತು, ಮಗಳು ನನ್ನ ಹತ್ತಿರವೇ ಇರುತ್ತಿದ್ದಳು. ಹೊಸತೊಡಕಿಗೆ ಅವರು ಕೇಳುತ್ತಿದ್ದರು, ನಾನು ಕಳಿಸುತ್ತಿದ್ದೆ. ನಾಲ್ಕನೆಯ ವರ್ಷ, ಅವಳು ಒಂಬತ್ತು ತುಂಬಿದವಳಾಗಿದ್ದಾಗ, ಪಂಚಮಿ ಭಾನುವಾರವೇ ಬಂದು ಕೂತಿತು.

ಊರಿನಿಂದ ನನ್ನ ಅವ್ವ ಮೂರು ಡಬ್ಬಿ ಉಂಡಿ ಹೊತ್ತುಕೊಂಡು ರೈಲಿನಲ್ಲಿ ಯಶವಂತಪುರಕ್ಕೆ ಬಂದಿಳಿದಿದ್ದಳು. ಹಾಲ್‌ನ ಸೂರಿನ ಕೊಂಡಿಗೆ ಹಗ್ಗ ಕಟ್ಟಿ ಜೋಕಾಲಿ ಮಾಡಿದ್ದೆವು. ಶನಿವಾರ ಫೋನ್ ಮಾಡಿ ಕೇಳಿದೆ, ಈ ಒಂದು ಭಾನುವಾರ ಬಿಡಿ ಎಂದು. ಅವರು, “ಅಣ್ಣನ ಮಗಳ ನಿಶ್ಚಿತಾರ್ಥ ಇಟ್ಕೊಂಡಿದಾರೆ ಕಣ್ರೀ. ಕರ್ಕೊಂಡ್ ಬರ್ತೀನಿ ಅಂತ ಹೂಂ ಅಂದ್ಬಿಟ್ಟಿದೀನಿ. ಅಲ್ದೆ ಪಂಚಮಿ ಪಟ್ಟೀಲಿ ಇಲ್ವಲ್ಲ,” ಎಂದರು. ಕೊನೆಯ ಮಾತು ಅವರದಲ್ಲ, ಪಕ್ಕದಲ್ಲಿ ನಿಂತಿದ್ದ ಅಣ್ಣನದು ಎಂದು ನನಗೆ ಗೊತ್ತಾಯಿತು. ಆದರೂ ಉರಿದುಹೋಯಿತು. ಅವ್ವ ಆ ಭಾನುವಾರ ಖಾಲಿ ಜೋಕಾಲಿಯ ಮೇಲೆ ತಾನೇ ಕೂತು, “ನಾನರ ಆಡ್ತೀನಿ ತಡಿ, ಕಟ್ಟಿದ್ದು ಸುಮ್ನ ಯಾಕ ಹೋಗ್ಬೇಕ,” ಎಂದು ತೂಗಿಕೊಂಡಳು. ನಗಿಸಲು ಮಾಡಿದ್ದು. ನನಗೆ ನಗು ಬರಲಿಲ್ಲ.

ಸಂಜೆ ಬಂದ ಮಗಳು ಜೋಕಾಲಿ ಹತ್ತಿ ಒಂದರ ಮೇಲೊಂದು ಐದು ಉಂಡಿ ತಿಂದಳು. “ಅಲ್ಲಿ ಸಖತ್ ಬೋರ್ ಅಮ್ಮ. ಏನೂ ತಿನ್ಲಿಲ್ಲ, ಬರೀ ಮೊಸರನ್ನ,” ಎಂದಳು. ಅದನ್ನು ಕೇಳಿ ನನಗಾದ ಸಂತೋಷವನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಅಲ್ಲಿ ತಿನ್ನುವುದು ಬಿಡುವುದು ಅವಳಿಗೇ ಬಿಟ್ಟದ್ದು ಎಂದು ದೊಡ್ಡ ಮನಸ್ಸಿನವಳಂತೆ ಹೇಳಿದ್ದೆನಾದರೂ, ಪ್ರತಿ ವಾರ ಅವಳು ‘ಬರೀ ಮೊಸರನ್ನ’ ಎಂದಾಗ ಒಳಗೊಳಗೇ ಹಿಗ್ಗುತ್ತಿದ್ದೆ. ಪಾಪ, ಹಸಿದುಕೊಂಡು ಬಂದಿದ್ದಾಳೆ ಎಂದು ಆಗಲೇ ಒಲೆ ಹಚ್ಚಿ ಬಿಸಿ ರೊಟ್ಟಿ ಬಡಿದು ಕೊಡುತ್ತಿದ್ದೆ. ಅವಳು ತುತ್ತು ತುತ್ತಿಗೂ ‘ಸೂಪರ್ ಅಮ್ಮ’ ಎಂದು ತಿನ್ನುತ್ತಿದ್ದಳು. ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ತಿಂಗಳಿಗೆ ಎರಡು ಸೋಮವಾರವಾದರೂ ಶಾಲೆ ತಪ್ಪುತ್ತಿತ್ತು. ಗಂಗಾನಗರದ ಮಕ್ಕಳ ಡಾಕ್ಟರು ಭಾನುವಾರ ಏನು ತಿನ್ನುತ್ತಾಳೆ ಎಂದು ಕೇಳಿದಾಗ, ‘ಬರೀ ಮೊಸರನ್ನ’ವನ್ನು ಮರೆತವಳಂತೆ, “ಅವಳ ಅಪ್ಪನ ಮನೆಯ ಖಾರ ಸಾರ್, ಮತ್ತೇನಿಲ್ಲ,” ಎಂದು ಹೇಳಿ ಬಂದೆ.

ಹಾಗೆ ಯುಗಾದಿ ಬಂತು. ಹತ್ತು ತುಂಬಲು ಇನ್ನು ಎರಡೇ ತಿಂಗಳು ಚಿಲ್ಲರೆ. ಯುಗಾದಿಯ ಸಂಜೆ ಐದಕ್ಕೆ ಬೇಕರಿ ಮುಂದೆ ಕಾರು ನಿಲ್ಲಿಸಿ ಅವರು ಇಳಿದು ಬಂದರು.

“ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರ್ಲಾ? ಹೊಸತೊಡಕು.”

ಈ ಗಳಿಗೆಗೆ ನಾನು ಪಂಚಮಿಯಿಂದ ಕಾದಿದ್ದೆ. ಸಿಟ್ಟು ಬಂದಾಗ ನನ್ನ ಬೆಂಗಳೂರು ಕನ್ನಡ ಮಾಯವಾಗಿ ಊರಿನದು ಬಂದುಬಿಡುತ್ತದೆ. “ಪಟ್ಟ್ಯಾಗ ಇಲ್ಲಲ್ರೀ ಅದು,” ಎಂದೆ.

“ಅಮ್ಮ ಕಾಯ್ತಿರ್ತಾರೆ. ಪ್ಲೀಸ್.”

“ನಮ್ಮವ್ವನೂ ಕಾದಿದ್ಲು, ಮೂರು ಡಬ್ಬಿ ಉಂಡಿ ಇಟ್ಕೊಂಡು.”

ಅವರು ಮಗಳ ಕಡೆ ನೋಡಿದರು, ಮಗಳು ಬೇಕರಿಯ ಗಾಜಿನೊಳಗಿನ ಕೇಕುಗಳನ್ನು ನೋಡುತ್ತಿದ್ದಳು. “ಹೂಂ,” ಎಂದು ಹೇಳಿ ಕಾರು ಹತ್ತಿದರು. ಅಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಹೂಂಗಳಲ್ಲಿ ನಾನು ಅತ್ಯಂತ ರುಚಿಯಾಗಿ ಅನುಭವಿಸಿದ್ದು ಅದೊಂದೇ.

ಮರುದಿನ ಕಾಲೇಜಿಗೆ ರಜೆ ಇತ್ತು. ಹತ್ತು ಗಂಟೆಗೆ ಮಗಳನ್ನು ಸ್ನಾನಕ್ಕೆ ಕಳಿಸಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಬಾಗಿಲು ಬಡಿದ ಸದ್ದು. ತೆಗೆದರೆ ಅವಳ ಅಜ್ಜಿ, ಎಂದರೆ ನನ್ನ ಮಾಜಿ ಅತ್ತೆ. ಮಂಡಿ ನೋವಿನ ಕಾಲಲ್ಲಿ ಇಪ್ಪತ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು, ಕೈಯಲ್ಲಿ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಕೆಳಗೆ ಆಟೋ ತಿರುಗಿ ಹೊರಟಿತ್ತು.

“ಎದ್ರುಕೋಬ್ಯಾಡ ಕಣವ್ವ, ಇದ್ರಲ್ಲಿ ಬಾಡಿಲ್ಲ,” ಎಂದು ಕ್ಯಾರಿಯರ್ ಎತ್ತಿ ತೋರಿಸಿದರು. “ಒಬ್ಬಟ್ಟು, ನೆನ್ನೆ ಸಾರು. ಮಗ ಬಂದು ಇಂಗಿಂಗೆ ಅಂದ. ಒಸತೊಡ್ಕಿನ ದಿನ ಮೊಮ್ಮಗಳ ಮಕ ನೋಡ್ದಿದ್ರೆ ವರ್ಸೆಲ್ಲಾ ನೋಡ್ದಂಗಾಯ್ತದೆ. ಅವಳು ಬರಂಗಿಲ್ಲ ಅಂದ್ರೆ ನಾನೇ ಬಂದೆ. ನಿನ್ ಕಾಗ್ದದಲ್ಲಿ ನಾನು ಇಲ್ಲಿಗ್ ಬರಬಾರ್ದು ಅಂತ ಬರ್ದವ್ರಾ?”

ನಾನು ಮನಸ್ಸಿನಲ್ಲೇ ಕಾಗದವನ್ನು ಮೇಲಿನಿಂದ ಕೆಳಗೆ ಓದಿದೆ. ಬರೆದಿರಲಿಲ್ಲ. “ಬರ್ರಿ, ಕೂಡ್ರಿ,” ಎಂದೆ.

ನಮ್ಮಿಬ್ಬರಿಗೂ ಜಗಳವಾಡಲು ನಾಲಿಗೆ ತುರಿಸುತ್ತಿತ್ತು. ಆದರೆ ಹೊಸತೊಡಕಿನ ದಿನ ಅವರು ಬೈಯುವಂತಿಲ್ಲ. ಅವರು ಬೈಯದೆ ನಾನೊಬ್ಬಳೇ ಬೈದರೆ ನಾನು ಸಣ್ಣವಳಾಗುತ್ತೇನೆ. ಹೀಗಾಗಿ ಇಬ್ಬರೂ ಹಲ್ಲು ಕಚ್ಚಿಕೊಂಡು ಸಕ್ಕರೆಯಂಥ ಮಾತಾಡಿದೆವು. ಅವರು ನನ್ನ ತುಳಸಿ ಗಿಡ ಹೊಗಳಿದರು. ನಾನು ಅವರ ಮಂಡಿ ವಿಚಾರಿಸಿದೆ. ಉಳಿದ ಒಂದು ಮೀನನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ಮಾತು ಮುಗಿದದ್ದರಿಂದ ನಾನು ಒಂದು ರೊಟ್ಟಿ ಬೇಯಿಸಿ, ಬದನೆಕಾಯಿ ಎಣ್ಣೆಗಾಯಿ ಹಾಕಿ ಮುಂದಿಟ್ಟೆ. ಅವರು ಚೂರು ಮುರಿದು, ಇದ್ದ ಹಲ್ಲುಗಳ ಕಡೆಗೆ ಸರಿಸಿಕೊಂಡು ಅಗಿದು, ಹುಬ್ಬು ಮೇಲೆತ್ತಿದರು.

“ಮೆತ್ತಗೈತಲ್ಲವ್ವಾ! ನಿನ್ ಮಗಳು ಅಗ್ದೂ ಅಗ್ದೂ ದವಡೆ ನೋಯ್ತದೆ ಅಂತಿದ್ಲಲ್ಲ?”

“ಯಾರು?”

“ಅವ್ಳೇ. ವಾರ ವಾರ ಅಂತಾಳೆ. ಅಮ್ಮನ ರೊಟ್ಟಿ ನಂಗಾಗಲ್ಲ ಅಜ್ಜಿ, ನಿನ್ ಮುದ್ದೇನೇ ಬೇಕು ಅಂತ. ಪಾಪ, ಮಗು ಅಸ್ಕೊಂಡಿರ್ತದೆ ಅಂತ ನಾನು ಐದು ಗಂಟೆಗೆ ಒರಡೋಕ್ ಮುಂಚೆ ಇನ್ನೊಂದ್ ದಪ ಉಣ್ಸೇ ಕಳ್ಸೋದು.”

ನಾನು ಲಟ್ಟಣಿಗೆಯನ್ನೂ ಮುಟ್ಟದೆ ಕೈಯಲ್ಲೇ ರೊಟ್ಟಿ ಬಡಿಯುವವಳು, ನನ್ನ ರೊಟ್ಟಿಗೆ ದವಡೆ ನೋವಂತೆ! ಮಾನ ಹೋದಂತಾಯಿತು. “ಅತ್ತೀ, ನನಗ ಹಿಂಗ ಹೇಳಿಲ್ಲ ಅಕಿ. ನಿಮ್ಮ ಮುದ್ದಿ ಗಂಟಲಾಗ ಸಿಕ್ಕೊತೈತಿ ಅಂತಾಳ. ಬರೇ ಮೊಸರನ್ನ ತಿಂದು ಬಂದೀನಿ ಅಂತಾಳ. ಅದಕ್ಕ ನಾನು ಬಂದ ಕೂಡ್ಲೆ ಎರಡು ರೊಟ್ಟಿ ಹಾಕ್ತೀನಿ,” ಎಂದೆ.

ಅಜ್ಜಿ ರೊಟ್ಟಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. “ಮುದ್ದೆ ಸಿಕ್ಕೊಂತದಾ? ಎಲ್ಡು ಮುದ್ದೆ ಗುಳುಂ ಅನ್ನಿಸ್ತಾಳೆ ಕಣೇ! ಕೋಳಿ ಸಾರು ಬಿಟ್ರೆ ತಟ್ಟೇನೂ ನೆಕ್ತಾಳೆ!”

ಮೊದಲು ನಗು ಬಂದದ್ದು ಅವರಿಗೆ. ಆಮೇಲೆ ನನಗೆ. ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡು, ಒಂದು ಭಾನುವಾರಕ್ಕೆ ಅವಳ ಹೊಟ್ಟೆಗೆ ಎಷ್ಟು ಹೋಗುತ್ತಿತ್ತು ಎಂದು ಹೇಳಿಕೊಂಡು ನಕ್ಕೆವು: ಮಧ್ಯಾಹ್ನ ಎರಡು ಮುದ್ದೆ, ಹೊರಡುವಾಗ ಇನ್ನೊಂದು, ಇಲ್ಲಿ ಬಂದು ಎರಡು ರೊಟ್ಟಿ. ಸೋಮವಾರದ ಹೊಟ್ಟೆನೋವು ಯಾರ ಮನೆಯ ಖಾರದಿಂದಲೂ ಬಂದದ್ದಾಗಿರಲಿಲ್ಲ. ಆಗಲೇ ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಮಗಳು ಬಚ್ಚಲ ಬಾಗಿಲಲ್ಲಿ ನಿಂತಿರುವುದು ಕಂಡಿತು. ಕದ್ದು ಸಿಕ್ಕಿಬಿದ್ದವರ ಮುಖ. ನಮ್ಮ ನಗು ನಿಂತಿತು.

“ಇಬ್ರಿಗೂ ಬೇಜಾರಾಗ್ಬಾರ್ದು ಅಂತ ಹೇಳ್ತಿದ್ದೆ,” ಎಂದಳು. “ಬೈತೀರಾ?”

“ಇವತ್ತು ಯಾರೂ ಬೈಯಂಗಿಲ್ಲ, ಬಾ ಮಗಾ,” ಎಂದರು ಅಜ್ಜಿ.

ಅವಳು ಬರಲಿಲ್ಲ. ಟವೆಲ್ ತುದಿಯನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. “ಬೈಯಂಗಿಲ್ಲ ಅಂದ್ರೆ ಇನ್ನೊಂದೂ ಇವತ್ತೇ ಹೇಳ್ಬಿಡ್ಲಾ? ಜಡ್ಜ್ ಆಂಟಿ ಕೇಳ್ತಾರಲ್ಲ, ಯಾರ ಹತ್ರ ಇರ್ತೀಯ ಅಂತ. ನಾನು ಹಾಸ್ಟೆಲ್‌ಗೆ ಹಾಕಿ ಅಂತ ಹೇಳ್ತೀನಿ. ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದೀನಿ. ಹಾಸ್ಟೆಲ್ ಅಂದ್ರೆ ಯಾರೂ ಗೆದ್ದಂಗಾಗಲ್ಲ, ಅಲ್ವಾ? ಅಮ್ಮಾನೂ ಅಳಲ್ಲ, ಅಪ್ಪಾನೂ ಅಳಲ್ಲ.”

ನನಗೆ ನಾಚಿಕೆಯಾಯಿತು. ಬೇರೆ ಯಾವ ಮಾತಿನಿಂದಲೂ ಅದನ್ನು ಹೇಳಲಾರೆ. ಸೈಕಲ್ಲು, ಚಿತ್ರಕಲೆ, ಮೀನು, ಕರು ಎಂದು ನಾವು ಮೂವರು ದೊಡ್ಡವರು ಆಟ ಆಡುತ್ತಿದ್ದಾಗ, ಒಂಬತ್ತು ವರ್ಷದ ಹುಡುಗಿ ಎರಡೂ ಮನೆಯ ಊಟವನ್ನು ಹೊಟ್ಟೆ ಬಿರಿಯುವಂತೆ ತಿಂದು, ಎರಡೂ ಮನೆಯವರ ಮನಸ್ಸು ಕಾಯುತ್ತಿದ್ದಳು. ‘ಬೋರ್ ಅಮ್ಮ’ ಎಂಬ ಅವಳ ಮಾತನ್ನು ನಂಬಿ ನಾನು ಗೆದ್ದೇ ಗೆಲ್ಲುತ್ತೇನೆ ಎಂದುಕೊಂಡಿದ್ದೆ. ಅವಳಿಗೆ ಅಲ್ಲಿ ಬೋರ್ ಆಗುತ್ತಿರಲೇ ಇಲ್ಲ. ಅವಳಿಗೆ ಮುದ್ದೆ ಇಷ್ಟ, ಕೋಳಿ ಸಾರು ಇಷ್ಟ, ಅಜ್ಜಿ ಇಷ್ಟ. ಹಾಗಾದರೆ ನ್ಯಾಯಾಧೀಶರ ಮುಂದೆ ನಿಜ ಹೇಳಿದರೆ ಅವಳು ಯಾರ ಹೆಸರು ಹೇಳುತ್ತಿದ್ದಳು?

ಅಜ್ಜಿ ಅವಳ ತಲೆ ಒರೆಸುತ್ತ ಕೂತಲ್ಲಿಂದಲೇ ಮಗನಿಗೆ ಫೋನ್ ಮಾಡಿಸಿದರು. “ಸಾರು ಒಲೆ ಮ್ಯಾಲೇ ಇರ್ಲಿ, ನೀನ್ ಬಾ ಇಲ್ಲಿಗೆ,” ಎಂದಷ್ಟೇ ಹೇಳಿದರು. ಅರ್ಧ ಗಂಟೆ ಬಿಟ್ಟು ಅವರು ಬಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿದ್ದು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಅಮ್ಮ ಹೇಳಿದ್ದನ್ನೆಲ್ಲ ಕೇಳಿದರು. ಹಾಸ್ಟೆಲ್ ಮಾತು ಬಂದಾಗ ಎದ್ದು ಮೀನಿನ ತೊಟ್ಟಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಮೀನು ನೋಡಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

“ಆ ಪ್ರಶ್ನೆ ಕೇಳೋದೇ ಬೇಡ ಅಂತ ನಾವಿಬ್ರೂ ಬರ್ದುಕೊಡೋಣ,” ಎಂದರು ತಿರುಗಿ. “ಶಾಲೆ ದಿನ ನಿಮ್ಮ ಹತ್ರಾನೇ ಇರ್ಲಿ. ನಾನು ಅದನ್ನ ಕೇಳಲ್ಲ. ಆದ್ರೆ ಐದು ಗಂಟೆಗೆ ವಾಪಸ್ ಬಿಡೋದು... ಅವಳು ಬೆಳಿಗ್ಗೆ ನಿದ್ದೆ ಕಣ್ಣಲ್ಲಿ ಎದ್ದು ಬರೋದನ್ನ ನೋಡಿ ನಾಲ್ಕು ವರ್ಷ ಆಯ್ತು ಕಣ್ರೀ. ಶನಿವಾರ ಕರ್ಕೊಂಡು ಹೋಗಿ ಸೋಮವಾರ ಶಾಲೆಗೆ ಬಿಡ್ಲಾ?”

ವಾರಕ್ಕೆ ಎರಡು ರಾತ್ರಿ. ನನ್ನ ನಾಲಿಗೆಯ ತುದಿಗೆ ‘ಯಾಕ?’ ಬಂದಿತ್ತು. ಎರಡು ರಾತ್ರಿ ಮೂರಾದರೆ? ಮೂರು ಆರಾದರೆ? ಕರು ಹುಟ್ಟಿದ ಮೇಲೆ ಅವಳು ಬರಲೇ ಒಲ್ಲೆ ಎಂದರೆ? ನನಗಿರುವುದು ಅವಳೊಬ್ಬಳು, ಆ ಮನೆಯಲ್ಲಿ ಪಂಕ್ತಿ ಹಾಕಿ ಕೂರುವಷ್ಟು ಜನರಿದ್ದಾರೆ. ಮಗಳು ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದಳು, ಎಲ್ಲಿ ಯಾರಿಗೆ ಬೇಜಾರಾಗುತ್ತದೋ ಎಂದು.

“ಹೂಂ,” ಎಂದೆ ನಾನು.

ಅವರು ಬೆಚ್ಚಿ ನೋಡಿದರು. ಎಂಟು ವರ್ಷದ ಸಂಸಾರದಲ್ಲಿ ಆ ಶಬ್ದ ನನ್ನ ಬಾಯಿಂದ ಬಂದದ್ದಿಲ್ಲ. ಅಜ್ಜಿ ಮಾತ್ರ, “ಒಸತೊಡ್ಕಿನ ದಿನ ಹೂಂ ಅಂದಿದ್ದೀಯ. ಇನ್ನು ವರ್ಸೆಲ್ಲಾ ಹೂಂ ಅನ್ಬೇಕು, ನೋಡ್ಕೋ,” ಎಂದು ಎದ್ದರು. ಮೂವರೂ ಬಾಡೂಟಕ್ಕೆ ಹೊರಟರು. ನನ್ನನ್ನೂ ಕರೆದರು, ಒಬ್ಬಟ್ಟು ಉಂಡು ಬರುವೆಯಂತೆ ಎಂದು. ನಾನು ಹೋಗಲಿಲ್ಲ. ಅಷ್ಟು ದೊಡ್ಡ ಮನಸ್ಸು ಒಂದೇ ದಿನದಲ್ಲಿ ಬರುವುದಿಲ್ಲ.

ಮೇ ತಿಂಗಳಲ್ಲಿ ಕೋರ್ಟಿಗೆ ಹೋದೆವು. ಹಬ್ಬದ ಪಟ್ಟಿಯನ್ನು ಈ ಸಲ ಅಜ್ಜಿಯೂ ನಾನೂ ಸೇರಿ ವಕೀಲರಿಗೆ ಬರೆಸಿದೆವು. ಪಂಚಮಿ ಯಾವ ವಾರ ಬಂದರೂ ತಾಯಿಗೆ, ಹೊಸತೊಡಕು ಯಾವ ವಾರ ಬಂದರೂ ತಂದೆಗೆ. “ಪಿತೃಪಕ್ಷ ಬರ್ಕೊಂಡ್ರಾ?” ಎಂದು ಅಜ್ಜಿ ಕೇಳಿದಾಗ ವಕೀಲರು ಪೆನ್ನು ಕೆಳಗಿಟ್ಟು ನೀರು ಕುಡಿದರು. ನ್ಯಾಯಾಧೀಶರು ನಮ್ಮ ಜಂಟಿ ಅರ್ಜಿ ಓದಿ, ಆದರೂ ಮಗುವನ್ನು ಒಂದು ಸಲ ನೋಡುತ್ತೇನೆ ಎಂದು ಒಳಗೆ ಕರೆಸಿಕೊಂಡರು. ಹತ್ತು ನಿಮಿಷ ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ, ನಡುವೆ ಅಜ್ಜಿಯನ್ನು ಕೂರಿಸಿಕೊಂಡು, ಕೂತಿದ್ದೆವು. ಮಗಳು ಹೊರಬಂದಳು. ಏನು ಕೇಳಿದರು ಎಂದು ನಾವ್ಯಾರೂ ಕೇಳಲಿಲ್ಲ. ತಾನೇ ಹೇಳಿದಳು: “ಯಾವ ಸಬ್ಜೆಕ್ಟ್ ಇಷ್ಟ ಅಂತ ಕೇಳಿದ್ರು. ಡ್ರಾಯಿಂಗ್ ಅಂದೆ. ಅಷ್ಟೇ!” ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು.

ಜೂನಿನಲ್ಲಿ ಶಾಲೆ ಶುರುವಾಗಿ ಮೊದಲ ಶನಿವಾರ. ಮಧ್ಯಾಹ್ನ ಅವಳ ಕೈ ಹಿಡಿದು ಬೇಕರಿಯ ತನಕ ಹೋದೆ. ಬ್ಯಾಗಿನಲ್ಲಿ ಎರಡು ದಿನದ ಬಟ್ಟೆ, ಸೋಮವಾರದ ಯೂನಿಫಾರ್ಮು, ಇಸ್ತ್ರಿ ಕೆಡದಂತೆ ಪೇಪರಿನಲ್ಲಿ ಸುತ್ತಿದ್ದೆ. ಮುಖಕ್ಕೆ ನಗು ಅಂಟಿಸಿಕೊಳ್ಳಲು ಬೆಳಗಿನಿಂದ ಅಭ್ಯಾಸ ಮಾಡಿದ್ದೆ.

ನಾಲ್ಕು ವರ್ಷ, ಪ್ರತಿ ಭಾನುವಾರ, ಕಾರು ಹತ್ತುವ ಮುಂಚೆ ಅವಳು ತಪ್ಪದೆ ಎರಡು ಸಲ ತಿರುಗಿ ನನ್ನನ್ನು ನೋಡುತ್ತಿದ್ದಳು. ನನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಅದಕ್ಕೇ ನೋಡುತ್ತಾಳೆ ಎಂದು ನಾನು ತಿಳಿದಿದ್ದೆ. ಆ ನೋಟವನ್ನು ನೆನೆದುಕೊಂಡೇ ಸಂಜೆ ಐದರವರೆಗೆ ದಿನ ದೂಡುತ್ತಿದ್ದೆ.

ಆ ಶನಿವಾರ ಅವಳು ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು, “ಅಪ್ಪಾ, ಕರು ಹಾಕ್ತಾ?” ಎಂದು ಕೇಳುತ್ತಲೇ ಹತ್ತಿ ಕೂತಳು. ಬಾಗಿಲು ಮುಚ್ಚಿತು. ಅವಳ ಎರಡು ಜಡೆ ಮಾತ್ರ ಗಾಜಿನಲ್ಲಿ ಕುಣಿಯುತ್ತಿದ್ದವು. ಕಾರು ಹೊರಟು, ದೊಡ್ಡ ರಸ್ತೆಗೆ ತಿರುಗಿ ಹೋಯಿತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ಎತ್ತಿದ ಕೈಯನ್ನು ಇಳಿಸುವುದೇ ಮರೆತು ನಿಂತಿದ್ದೆ. ಆಮೇಲೆ, ನಿಧಾನಕ್ಕೆ, ಗೊತ್ತಾಯಿತು. ಇಷ್ಟು ವರ್ಷ ಅವಳು ತಿರುಗಿ ನೋಡುತ್ತಿದ್ದದ್ದು ಅಮ್ಮನ ಮುಖ ಸಪ್ಪಗಾಗಿದೆಯೇ ಎಂದು ಪರೀಕ್ಷಿಸಲು. ಇವತ್ತು ಅವಳಿಗೆ ಆ ಕೆಲಸ ಇರಲಿಲ್ಲ.

ಬೇಕರಿಯವರು ಕೌಂಟರಿನಿಂದ ಬಗ್ಗಿ, “ಯಾಕ್ ಮೇಡಂ, ಏನಾಯ್ತು? ಅಳ್ತಿದೀರಾ?” ಎಂದರು.

“ಮಗಳು ಖುಷಿಯಿಂದ ಹೋದ್ಲು ನೋಡ್ರೀ,” ಎಂದೆ, ಕಣ್ಣು ಒರೆಸಿಕೊಳ್ಳುತ್ತ.